ಕೊನೆಯಲ್ಲಿ ನಡೆಯುವವಳು

ಸೆಪ್ಟೆಂಬರ್ ೪, ಗುರುವಾರ

ನಿವೃತ್ತ ಶಿಕ್ಷಕಿಯರ ಸುತ್ತೋಲೆ ಇಂದಿನ ಅಂಚೆಯಲ್ಲಿ ಬಂತು. ಹೋದ ವರ್ಷದ ನಮ್ಮ ಬೆಟ್ಟದ ನಡಿಗೆಯ ಬಗ್ಗೆ ಇಸೊಬೆ ಹರುಯೊ ಅವರು ಬರೆದಿರುವ ವರದಿಯಲ್ಲಿ ಮೂರು ತಪ್ಪುಗಳಿವೆ.

‘ಉಕ್ಕಿ ಹರಿಯುತ್ತಿದ್ದ ನದಿ’ ಎಂದಿದ್ದಾರೆ. ಅದು ಪಾದ ಮುಳುಗುವಷ್ಟು ನೀರಿದ್ದ ತೊರೆ. ‘ನಾನು ಜಾರಿ ಬಿದ್ದು ಮೂರು ಸಲ ಸೀಟಿ ಊದಿದೆ, ಮಿನೆಗಿಶಿಯವರು ತಿರುಗಿಯೂ ನೋಡದೆ ಘನತೆಯಿಂದ ಮುನ್ನಡೆದರು’ ಎಂದಿದ್ದಾರೆ. ಅವರು ಸೀಟಿ ಊದಿರಲಿಲ್ಲ. ನಾನು ಹದಿನೈದು ಹೆಜ್ಜೆ ಮುಂದಿದ್ದೆ. ಊದಿದ್ದರೆ ಕೇಳಿಸಬೇಕಿತ್ತು, ಕೇಳಿಸಲಿಲ್ಲ, ಆದ್ದರಿಂದ ಊದಿರಲಿಲ್ಲ. ಮೂರನೆಯದು ‘ಘನತೆಯಿಂದ’ ಎಂಬ ಪದ. ಇಲ್ಲಿ ಅದು ಹೊಗಳಿಕೆಯಲ್ಲ, ಕುಟುಕು. ಕುಟುಕುವವರು ಹೊಗಳಿಕೆಯ ಪದದ ಹಿಂದೆ ಅಡಗಿಕೊಳ್ಳಬಾರದು. ಕೆಂಪು ಶಾಯಿಯಲ್ಲಿ ಮೂರನ್ನೂ ತಿದ್ದಿ ಕಡತಕ್ಕೆ ಸೇರಿಸಿದ್ದೇನೆ.

ಈ ವರ್ಷ ಸಂಚಾಲಕಿಯ ಸರದಿ ನನ್ನದು. ಹಿರೊಸೆ ನದಿಯ ದಂಡೆಯ ಒಂದೇ ಮಾಧ್ಯಮಿಕ ಶಾಲೆಯಲ್ಲಿ ಕಲಿಸಿದ ನಾವು ನಾಲ್ವರು, ನಿವೃತ್ತಿಯ ನಂತರ ಪ್ರತಿ ಶರತ್ಕಾಲದಲ್ಲಿ ಒಂದು ಬೆಟ್ಟ ಹತ್ತಿ, ಒಂದು ರಾತ್ರಿ ಬಿಸಿನೀರಿನ ಬುಗ್ಗೆಯ ಊರಿನಲ್ಲಿ ತಂಗುತ್ತೇವೆ. ಭಾಷೆ ಕಲಿಸಿದವಳು ನಾನು. ಇಸೊಬೆಯವರು ವ್ಯಾಯಾಮ, ಒನೊದೆರಾ ಫುಮಿಯವರು ಗಣಿತ, ಶಿರಾತೊರಿ ಕಿನುಎ ಅವರು ಸಂಗೀತ. ಅಕ್ಟೋಬರ್ ೨೧ಕ್ಕೆ ಕಾಸಾಮೊರಿ ಬೆಟ್ಟವನ್ನು ಗೊತ್ತುಮಾಡಿ, ಅದರ ಬುಡದ ವಸತಿಗೃಹದಲ್ಲಿ ಒಂದು ಕೋಣೆ ಕಾದಿರಿಸಿದ್ದೇನೆ. ಪ್ರವಾಸದ ಕೈಪಿಡಿಯನ್ನು ಇಂದೇ ಬರೆಯಲಾರಂಭಿಸಿದೆ. ಮೂವತ್ತೆಂಟು ವರ್ಷ ಮಕ್ಕಳಿಗೆ ಬರೆದುಕೊಟ್ಟ ಅಭ್ಯಾಸ. ಕೈ ತಾನಾಗಿ ನಡೆಯುತ್ತದೆ. ನಿಯಮ ೩: ಸದ್ದಿನಿಂದ ಕರಡಿಯನ್ನು ದೂರವಿಡುವ ಕರಡಿಗಂಟೆಯನ್ನು ಎಲ್ಲರೂ ಚೀಲಕ್ಕೆ ಕಟ್ಟಿಕೊಳ್ಳತಕ್ಕದ್ದು. ನಿಯಮ ೪: ಸಂಚಾಲಕಿಯು ಎಲ್ಲರಿಗಿಂತ ಹಿಂದೆ ನಡೆದು, ಪ್ರತಿಯೊಬ್ಬರ ಗಂಟೆಯ ಮೇಲೂ ಗಮನವಿಡತಕ್ಕದ್ದು.

ಈ ವರ್ಷ ಕಾಡಿನ ಬುನಾ ಮರಗಳು ಕಾಯಿ ಬಿಟ್ಟಿಲ್ಲವಂತೆ. ಕರಡಿಗಳು ಹಸಿದು, ಊರಂಚಿನ ಮನೆಗಳ ಹಣ್ಣಿನ ಮರದವರೆಗೂ ಇಳಿಯುತ್ತಿವೆ ಎಂದು ವಾರ್ತೆಯಲ್ಲಿ ಹೇಳಿದರು. ಸರಿಯಾಗಿ ಕೇಳಲು ಟಿವಿಯ ಸದ್ದು ಏರಿಸಿದೆ. ಯಜಮಾನರು ಪತ್ರಿಕೆಯಿಂದ ತಲೆಯೆತ್ತಿ, “ಸ್ವಲ್ಪ ಕಮ್ಮಿ ಮಾಡೇ. ಪಕ್ಕದ್ಮನೆಯೋರು ಅವರ ಟಿವಿ ಮಾರ್ಬಿಟ್ಟು ನಮ್ದನ್ನೇ ಕೇಳ್ತಿದಾರೆ” ಎಂದರು. ಇತ್ತೀಚೆಗೆ ವಾರ್ತೆ ಓದುವವರ ಉಚ್ಚಾರಣೆ ಬಹಳ ಕೆಟ್ಟಿದೆ.

ಸೆಪ್ಟೆಂಬರ್ ೧೧, ಗುರುವಾರ

ನಿಲ್ದಾಣದ ಬಳಿಯ ಚಾರಣದ ಅಂಗಡಿಗೆ ಗಂಟೆ ತರಲು ಹೋಗಿದ್ದೆ. ಹಿತ್ತಾಳೆಯ ಪುಟ್ಟ ಗಂಟೆಗಳನ್ನು ಕೊಕ್ಕೆಗೆ ಸಾಲಾಗಿ ನೇತುಹಾಕಿದ್ದರು. ಒಂದನ್ನು ತೆಗೆದು ಅಲ್ಲಾಡಿಸಿದೆ. ಸದ್ದಿಲ್ಲ. ಅಂಗಡಿಯ ಹುಡುಗಿಯನ್ನು ಕರೆದೆ.

“ಇದಕ್ಕೆ ನಾಲಿಗೆಯಿಲ್ಲ. ಒಡೆದ ಮಾಲನ್ನು ಮಾರಾಟಕ್ಕಿಡುವುದು ಸರಿಯಲ್ಲ.”

“ಇದೆಯಲ್ಲಮ್ಮಾ.” ಅವಳು ಗಂಟೆಯನ್ನು ತಲೆಕೆಳಗು ಮಾಡಿ ತೋರಿಸಿದಳು. ನಾಲಿಗೆ ಇತ್ತು.

“ಹಾಗಾದರೆ ಸಿಕ್ಕಿಕೊಂಡಿದೆ.”

“ಇಲ್ಲಮ್ಮಾ... ಸದ್ದು ಬರ್ತಾ ಇದೆಯಲ್ಲ?”

ಅವಳು ನನ್ನ ಮುಖದ ಮುಂದೆ ಅದನ್ನು ಜೋರಾಗಿ ಅಲ್ಲಾಡಿಸಿದಳು. ಬೂಟು ನೋಡುತ್ತಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. ಅವರು ತಿರುಗಿದ್ದರಿಂದಲೇ ನನಗೆ ಗೊತ್ತಾಯಿತು.

ಇನ್ನೊಂದನ್ನು ತೆಗೆದೆ. ಮತ್ತೊಂದನ್ನು ತೆಗೆದೆ. ನಾಲಿಗೆ ಗಂಟೆಯ ಒಳಮೈಗೆ ಬಡಿಯುವುದು ಕಾಣುತ್ತಿತ್ತು. ಬೆರಳಿಟ್ಟರೆ ಲೋಹ ನಡುಗುವುದೂ ತಿಳಿಯುತ್ತಿತ್ತು. ಅಷ್ಟೇ.

ನಾಲ್ಕು ಗಂಟೆಗಳನ್ನು ಕೊಂಡು ತಂದೆ. ಬಸ್ಸಿನಲ್ಲಿ ಅವುಗಳನ್ನು ಕರವಸ್ತ್ರದಲ್ಲಿ ಬಿಗಿಯಾಗಿ ಸುತ್ತಿಟ್ಟುಕೊಂಡು ಕುಳಿತಿದ್ದೆ. ಅವು ಸದ್ದು ಮಾಡುತ್ತಿದ್ದರೂ ನನಗೆ ತಿಳಿಯುವಂತಿರಲಿಲ್ಲ.

ಸೆಪ್ಟೆಂಬರ್ ೧೨, ಶುಕ್ರವಾರ

ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಂದು ಗಂಟೆಯನ್ನು ಅಲ್ಲಾಡಿಸಿದೆ. ಹಿತ್ತಲಲ್ಲಿದ್ದ ಯಜಮಾನರು ಒಳಗೆ ಬಂದು, “ಯಾರೋ ಬಂದ್ರಲ್ಲ?” ಎಂದರು.

ಯಾರೂ ಬಂದಿಲ್ಲ ಎಂದೆ.

ಸೆಪ್ಟೆಂಬರ್ ೧೯, ಶುಕ್ರವಾರ

ಕಿವಿಯ ವೈದ್ಯರಲ್ಲಿಗೆ ಹೋಗಿದ್ದೆ. ಯಜಮಾನರಿಗೆ ಹಲ್ಲಿನ ವೈದ್ಯರೆಂದು ಹೇಳಿದೆ. ಸುಳ್ಳು ಹೇಳಿದ್ದನ್ನು ಇಲ್ಲಿ ದಾಖಲಿಸುತ್ತೇನೆ.

ದಪ್ಪ ಬಾಗಿಲಿನ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕೆಂದರು. ಮೊದಲು ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಯಂತ್ರ ನಿಂತಿರಬೇಕೆಂದು ಗಾಜಿನಾಚೆ ನೋಡಿದೆ. ಆ ಹೆಂಗಸು ಒಂದರ ಮೇಲೊಂದು ಗುರುತು ಹಾಕಿಕೊಳ್ಳುತ್ತಲೇ ಇದ್ದಳು. ಪರೀಕ್ಷೆಯಲ್ಲಿ ಉತ್ತರ ಬರೆಯದೆ ಕುಳಿತ ಮಕ್ಕಳನ್ನು ನಾನು ಮೂವತ್ತೆಂಟು ವರ್ಷ ಆ ಹೆಂಗಸಿನ ಜಾಗದಿಂದ ನೋಡಿದವಳು.

ವೈದ್ಯರಿಗೆ ನನ್ನ ಕೊನೆಯ ತಂಡದ ಮಕ್ಕಳ ವಯಸ್ಸು. ಹಾಳೆಯ ಮೇಲಿನ ಗೆರೆ ಎಡದಲ್ಲಿ ಸಮತಟ್ಟಾಗಿದ್ದು ಬಲಕ್ಕೆ ಬಂದಂತೆ ಕಡಿದಾಗಿ ಇಳಿದಿತ್ತು. “ದಪ್ಪ ಸದ್ದುಗಳು ಕೇಳ್ತವೆ ನಿಮಗೆ. ಕೀಚಲು ಸದ್ದುಗಳೇ ಹೋಗಿರೋದು. ಹಕ್ಕಿ, ಗಂಟೆ, ಸೀಟಿ, ಇಂಥವು. ಮುಖ ಕಾಣದಿದ್ರೆ ಮಾತೂ ಸರಿಯಾಗಿ ಸಿಗಲ್ಲ. ನಿಧಾನಕ್ಕೆ ಹೋಗಿರೋದ್ರಿಂದ ಗೊತ್ತಾಗಿರಲ್ಲ” ಎಂದರು. ಶ್ರವಣ ಯಂತ್ರವನ್ನು ಅಳತೆ ಕೊಟ್ಟು ಮಾಡಿಸಬೇಕು, ಒಂದು ತಿಂಗಳು ಹಿಡಿಯುತ್ತದೆ, ಈಗಲೇ ಹೇಳಿಬಿಡಲೇ ಎಂದು ಕೇಳಿದರು. ಯೋಚಿಸಿ ಹೇಳುತ್ತೇನೆಂದೆ.

ಸೀಟಿ ಎಂದರು. ಹಾಗಾದರೆ ಇಸೊಬೆಯವರು ಊದಿದ್ದರು.

ನಾನು ಸೇವೆಗೆ ಸೇರಿದಾಗ ಇದ್ದ ಮುಖ್ಯೋಪಾಧ್ಯಾಯರಿಗೆ ಕಿವಿ ಮಂದವಾಗಿತ್ತು. ಯಾರು ಏನು ಹೇಳಿದರೂ ನಗುತ್ತಾ ತಲೆಯಾಡಿಸುತ್ತಿದ್ದರು. ಅವರು ಬೆನ್ನು ತಿರುಗಿಸಿದೊಡನೆ ಶಿಕ್ಷಕರ ಕೋಣೆಯಲ್ಲಿ ಅವರಂತೆ ತಲೆಯಾಡಿಸಿ ಎಲ್ಲರನ್ನೂ ನಗಿಸುತ್ತಿದ್ದವಳು ಒಬ್ಬಳಿದ್ದಳು. ಅವಳಿಗಿಂತ ಚೆನ್ನಾಗಿ ಯಾರಿಗೂ ಆ ಅಣಕ ಬರುತ್ತಿರಲಿಲ್ಲ. ಅವಳು ನಾನೇ.

ಸೆಪ್ಟೆಂಬರ್ ೨೯, ಸೋಮವಾರ

ಒನೊದೆರಾ ಅವರ ಮನೆಯಲ್ಲಿ ಯೋಜನಾ ಸಭೆ. ಕರಡಿಗಳ ಕಾರಣ ನೀಡಿ ಬೆಟ್ಟವನ್ನು ಕೈಬಿಡೋಣವೆಂಬ ಸೂಚನೆಯನ್ನು ಲಿಖಿತವಾಗಿ ಒಯ್ದಿದ್ದೆ. ಜಿಲ್ಲೆಯಲ್ಲಿ ಎಲ್ಲೆಲ್ಲಿ ಕರಡಿ ಕಾಣಿಸಿದೆ ಎಂಬ ಪಟ್ಟಿಯನ್ನೂ ಲಗತ್ತಿಸಿದ್ದೆ. ಮೂವರ ಮುಖವೂ ಕಾಣುವಂತೆ ಕಿಟಕಿಗೆ ಬೆನ್ನು ಹಾಕಿ ಕುಳಿತೆ. ಮುಖ ಕಂಡರೆ ಮಾತು ಬಹುಪಾಲು ಸಿಗುತ್ತದೆ. ಇದನ್ನು ನಾನು ಎಷ್ಟು ಕಾಲದಿಂದ ಮಾಡುತ್ತಿದ್ದೇನೋ ತಿಳಿಯದು.

“ನನ್ನ ಎಪ್ಪತ್ತೆರಡು ವರ್ಷದ ಮಾಂಸ ಯಾವ ಕರಡಿಗೆ ಬೇಕ್ರೀ?” ಎಂದರು ಇಸೊಬೆ. “ಒಂದ್ಸಲ ಕಚ್ಚಿದ್ರೆ ಅದರ ಹಲ್ಲೇ ಹೋಗುತ್ತೆ.”

“ತಮಾಷೆಯ ವಿಷಯವಲ್ಲ,” ಎಂದೆ.

“ಮಿನೆಗಿಶಿ ಟೀಚರ್, ನೀವು ಒಂದು ಕೆಲಸ ಮಾಡಿ. ಕರಡಿ ಬಂದ್ರೆ ಅದರ ಭಾಷೆ ತಿದ್ದಿ. ತಾನಾಗೇ ಓಡಿಹೋಗುತ್ತೆ.”

ಒನೊದೆರಾ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಪಟ್ಟಿಯನ್ನು ಲೆಕ್ಕದ ಮೇಷ್ಟರಂತೆ ಬೆರಳಿಟ್ಟು ನೋಡಿ, ಕಾಸಾಮೊರಿಯ ಕಡೆ ಒಂದೂ ಕಂಡಿಲ್ಲವೆಂದು ತೋರಿಸಿದರು. ಹಾಗಾದರೆ ನಾನು ಮುಂದೆ ನಡೆಯುತ್ತೇನೆ, ದಾರಿ ನನಗೆ ಚೆನ್ನಾಗಿ ತಿಳಿದಿರುತ್ತದೆ ಎಂದೆ.

“ಅದೆಂಗಾಗುತ್ತೆ? ಸಂಚಾಲಕರು ಕೊನೇಲಿರ್ಬೇಕು ಅಂತ ನಿಯಮ ಬರೆದೋರು ನೀವು. ನಾಲ್ಕನೇ ನಿಯಮ, ನೋಡಿ, ಕೆಳಗೆ ಗೆರೆ ಬೇರೆ ಎಳೆದಿದೀರ.”

ಗೆರೆ ನಾನೇ ಎಳೆದದ್ದು. ಹೇಳಲು ಅದೇ ಸರಿಯಾದ ಸಮಯವಾಗಿತ್ತು. ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಇಸೊಬೆಯವರು ಮತ್ತೇನೋ ಹೇಳಿ ಎಲ್ಲರೂ ನಕ್ಕರು. ನಾನೂ ನಗುತ್ತಾ ತಲೆಯಾಡಿಸಿದೆ.

ತಲೆಯಾಡಿಸಿದ ಮೇಲೆ ಆ ಮುಖ್ಯೋಪಾಧ್ಯಾಯರ ನೆನಪಾಯಿತು. ಅದೇ ನಗು, ಅದೇ ತಲೆಯಾಡಿಸುವಿಕೆ.

ಅಕ್ಟೋಬರ್ ೬, ಸೋಮವಾರ

ಕೈಪಿಡಿಯನ್ನು ತಿದ್ದಿದ್ದೇನೆ. ಪ್ರತಿ ಇಪ್ಪತ್ತು ನಿಮಿಷಕ್ಕೆ ನಿಂತು ತಲೆ ಎಣಿಸತಕ್ಕದ್ದು. ದಾರಿ ಬಿಟ್ಟು ಹೋಗುವವರು ನನ್ನ ಎದುರಿಗೆ ಬಂದು ಹೇಳಿ ಹೋಗತಕ್ಕದ್ದು. ಎಲ್ಲರೂ ಎದ್ದುಕಾಣುವ ಬಣ್ಣದ ಉಡುಪು ಧರಿಸತಕ್ಕದ್ದು. ಒನೊದೆರಾ ಅವರ ಮನೆಗೆ ಹೋಗಿ ಓದಿ ಹೇಳಿದೆ. “ಸೈನ್ಯ ಹೊರಟಂಗಿದೆ” ಎಂದರು. ಕರಡಿಯ ಮುನ್ನೆಚ್ಚರಿಕೆ ಎಂದೆ.

ಕಿವಿಯ ಕೆಲಸವನ್ನು ಕಣ್ಣಿಗೆ ಒಪ್ಪಿಸಬಹುದು. ಯಾರಿಗೂ ತಿಳಿಯಬೇಕಾಗಿಲ್ಲ.

ಅಕ್ಟೋಬರ್ ೧೪, ಮಂಗಳವಾರ

ದಾರಿ ನೋಡಿ ಬರಲು ಒಬ್ಬಳೇ ಕಾಸಾಮೊರಿಗೆ ಹೋಗಿದ್ದೆ. ಮಕ್ಕಳನ್ನು ಕರೆದೊಯ್ಯುವ ಮೊದಲು ಶಿಕ್ಷಕರು ಆ ದಾರಿಯನ್ನು ತಾವೇ ಒಮ್ಮೆ ನಡೆದು ನೋಡಲೇಬೇಕು. ನಿವೃತ್ತಿಯಾದರೂ ಈ ಕ್ರಮ ತಪ್ಪಿಸುವಂತಿಲ್ಲ.

ಬುನಾ ಕಾಡಿನವರೆಗೆ ಎಲ್ಲವೂ ಸರಿಯಿತ್ತು. ಕವಲು ದಾರಿಗಳನ್ನು, ಕೂರುವ ಕಲ್ಲುಗಳನ್ನು, ಅಡ್ಡಬಿದ್ದ ಒಂದು ದೊಡ್ಡ ಮರವನ್ನು ಗುರುತು ಹಾಕಿಕೊಂಡೆ. ಕಾಡು ತೀರ ಮೌನವಾಗಿತ್ತು. ಆ ಮೌನ ಕಾಡಿನದೋ ನನ್ನದೋ ಎಂಬ ಯೋಚನೆ ಬಂತು. ಅದು ಬಂದ ಮೇಲೆ ಪ್ರತಿ ಹತ್ತು ಹೆಜ್ಜೆಗೂ ಹಿಂದಿರುಗಿ ನೋಡಲಾರಂಭಿಸಿದೆ. ಹೀಗೆ ಹೆದರುವುದು ನಾಚಿಕೆಗೇಡೆಂದು ನನ್ನನ್ನು ನಾನೇ ಗದರಿಕೊಂಡು, ಇನ್ನು ನೂರು ಹೆಜ್ಜೆ ತಿರುಗಿ ನೋಡುವುದಿಲ್ಲವೆಂದು ಎಣಿಸುತ್ತಾ ನಡೆದೆ.

ಎಂಬತ್ತನೆಯ ಹೆಜ್ಜೆಯಲ್ಲಿ ಹಿಂದಿನಿಂದ ನನ್ನ ಚೀಲದ ಮೇಲೆ ಏನೋ ಬಿತ್ತು.

ನಾನು ಕೂಗಿದೆನೋ ಇಲ್ಲವೋ ತಿಳಿಯದು. ಮೊಣಕಾಲೂರಿ ಬಿದ್ದಿದ್ದೆ. ತಿರುಗಿದರೆ ಅಣಬೆಯ ಬುಟ್ಟಿ ಹೊತ್ತ ಮುದುಕರೊಬ್ಬರು, ನನಗಿಂತ ಹೆಚ್ಚು ಗಾಬರಿಯಾಗಿ ನಿಂತಿದ್ದರು.

“ಏನವ್ವಾ ನೀನು! ಆ ತಿರುವಿನಿಂದ ಗಂಟೆ ಬಾರಿಸ್ಕೋತ ಬರ್ತಿದೀನಿ, ದಾರಿ ಬಿಡು ಅಂತ ಕೂಗ್ತಿದೀನಿ. ಬೆನ್ನ ಹಿಂದೆ ಮೊಳದ ದೂರದಲ್ಲಿದ್ರೂ ತಿರುಗಲ್ವಲ್ಲ!”

ಅವರ ಸೊಂಟದಲ್ಲಿ ಮೂರು ಗಂಟೆಗಳಿದ್ದವು. ಮೂರೂ ಅಲ್ಲಾಡುತ್ತಿದ್ದವು.

ಅವರು ಹೋದ ಮೇಲೆ ಅಲ್ಲಿಯೇ ಬಹಳ ಹೊತ್ತು ಕುಳಿತಿದ್ದೆ. ಅವರು ಮನುಷ್ಯರಾಗಿದ್ದರು ಎಂಬುದಷ್ಟೇ ನನ್ನ ಪುಣ್ಯ. ನನ್ನ ಬೆನ್ನ ಹಿಂದೆ ಏನು ಬೇಕಾದರೂ ಬರಬಹುದು. ಇನ್ನು ಮೂವರು ಹೆಂಗಸರು, ಕೊನೆಯಲ್ಲಿ ಮಿನೆಗಿಶಿ ಇದ್ದಾಳೆ ಎಂದು ನಂಬಿ, ಹಿಂದಿರುಗಿ ನೋಡದೆ ನಡೆಯುತ್ತಾರೆ.

ಅಕ್ಟೋಬರ್ ೧೭, ಶುಕ್ರವಾರ

ಊಟ ಸೇರುತ್ತಿಲ್ಲ. ಯಜಮಾನರು ಮೂಲಂಗಿ ಉಪ್ಪಿನಕಾಯಿ ಅಗಿಯುವುದನ್ನು ನೋಡುತ್ತಾ ಕುಳಿತೆ. ಒಂದು ಕಾಲದಲ್ಲಿ ಆ ಸದ್ದಿಗೆ ಬೈಯುತ್ತಿದ್ದೆ.

“ಏನೇ, ಹಾಗೆ ನೋಡ್ತಿದೀಯ?”

“ಸದ್ದು ಮಾಡದೆ ಅಗಿಯಲು ಕಲಿತಿದ್ದೀರಿ.”

ಅವರು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ಅಕ್ಟೋಬರ್ ೨೦, ಸೋಮವಾರ

ನಾಳೆ ನಿಲ್ದಾಣದಲ್ಲಿ, ರೈಲು ಹತ್ತುವ ಮೊದಲು, ಹೇಳಿಬಿಡುತ್ತೇನೆ. ವಾಕ್ಯವನ್ನು ಸಿದ್ಧಪಡಿಸಿದ್ದೇನೆ: ‘ನನ್ನ ಶ್ರವಣಶಕ್ತಿಯಲ್ಲಿ ಕೆಲಮಟ್ಟಿನ ಕೊರತೆ ಕಂಡುಬಂದಿರುವುದರಿಂದ ನಿಯಮ ೪ನ್ನು ಪರಿಷ್ಕರಿಸುವುದು ಉಚಿತ.’

ಆರು ಸಲ ಓದಿದೆ. ವ್ಯಾಕರಣದಲ್ಲಿ ದೋಷವಿಲ್ಲ.

ಅಕ್ಟೋಬರ್ ೨೨, ಬುಧವಾರ, ವಸತಿಗೃಹದಲ್ಲಿ, ಬೆಳಗಿನ ಉಪಾಹಾರಕ್ಕೆ ಮೊದಲು

ನಿನ್ನೆ ನಡೆದುದನ್ನು ಕ್ರಮವಾಗಿ ಬರೆಯುತ್ತೇನೆ.

ನಿಲ್ದಾಣದಲ್ಲಿ ಹೇಳಲಿಲ್ಲ. ಇಸೊಬೆಯವರು ನಾಲ್ವರಿಗೂ ಅನ್ನದ ಉಂಡೆ ಕಟ್ಟಿ ತಂದಿದ್ದರು. ನನ್ನ ಉಂಡೆಗೆ ಕರಡಿಯ ಕಿವಿಯಂತೆ ಕಡಲಪಾಚಿ ಅಂಟಿಸಿದ್ದರು. ಎಲ್ಲರೂ ನಗುತ್ತಿದ್ದಾಗ ನನ್ನ ವಾಕ್ಯ ಬಹಳ ಉದ್ದವೆನಿಸಿತು.

ಒನೊದೆರಾ ಮುಂದೆ, ಇಸೊಬೆ ಎರಡನೆಯವರು, ಶಿರಾತೊರಿ ಮೂರನೆಯವರು, ಕೊನೆಗೆ ನಾನು. ಶಿರಾತೊರಿಯವರು ನಿಯಮದಂತೆ ಕೆಂಪು ಕಾಲುಚೀಲ ತೊಟ್ಟಿದ್ದರು. ನಾನು ಆ ಕೆಂಪಿನಿಂದ ಕಣ್ಣು ಕೀಳದೆ ನಡೆದೆ. ಬುನಾ ಕಾಡಿನಲ್ಲಿ ಮಂಜು ಇಳಿಯಿತು. ಅಡ್ಡಬಿದ್ದ ಮರದ ಬಳಿ ನನ್ನ ಬೂಟಿನ ದಾರ ಬಿಚ್ಚಿತು. ಬಗ್ಗಿ ಕಟ್ಟಿಕೊಂಡೆ. ಎದ್ದಾಗ ಮುಂದೆ ಯಾರೂ ಇರಲಿಲ್ಲ. ಮಂಜಿನಲ್ಲಿ ಮೂವರೂ ಮುಂದೆ ಹೋಗಿರಬೇಕೆಂದು ಅವಸರವಾಗಿ ಹತ್ತಿದೆ. ತೊರೆ ದಾಟಿ ಕೂರುವ ಕಲ್ಲಿನ ಬಳಿ ಬಂದರೆ ಇಬ್ಬರೇ ಇದ್ದರು.

“ಕಿನುಎ ಎಲ್ಲಿ?” ಎಂದರು ಒನೊದೆರಾ.

ಇಸೊಬೆಯವರು ಸೀಟಿ ಊದಿದರು. ಅವರ ಕೆನ್ನೆ ಉಬ್ಬಿದ್ದು ಕಾಣಿಸಿತು. ಕಿವಿಗೊಟ್ಟು ನಿಂತರು. ತೊರೆಯ ಸದ್ದಿಗೆ ಅವರಿಗೂ ಮರುದನಿ ಸಿಗಲಿಲ್ಲ. ಹಾಗೆ ಮೂರು ಸಲ. ಆಮೇಲೆ ಇಸೊಬೆಯವರು ನನ್ನ ಕಡೆ ತಿರುಗಿದರು.

“ಅವಳ ಹಿಂದೆ ಇದ್ದೋರು ನೀವೇ. ಅವಳ ಗಂಟೆ ಕೊನೇದಾಗಿ ಎಲ್ಲಿ ಕೇಳಿಸ್ತು ನಿಮಗೆ? ಅಲ್ಲಿಂದ ಹುಡುಕೋಣ.”

ಅಡ್ಡಮರದ ಬಳಿ ಒಂದು ಕವಲು, ತೊರೆಗೆ ಮೊದಲು ಇನ್ನೊಂದು. ನಾನು ಯಾವುದನ್ನು ಹೇಳಿದರೂ ಅವರು ಅಲ್ಲಿಗೆ ಓಡುತ್ತಿದ್ದರು. ತೊರೆಯ ಬಳಿ ಎಂದು ಹೇಳಬಹುದಿತ್ತು. ನಂಬುತ್ತಿದ್ದರು. ಸಿದ್ಧಪಡಿಸಿದ್ದ ವಾಕ್ಯ ನೆನಪಿಗೆ ಬರಲಿಲ್ಲ.

“ನನಗೆ ಗಂಟೆ ಕೇಳಲ್ಲ,” ಎಂದೆ. “ಯಾವುದೂ ಕೇಳಲ್ಲ. ಕೊಂಡ ದಿನದಿಂದ ಒಂದ್ಸಲಾನೂ ಕೇಳಿಲ್ಲ. ಗೊತ್ತಿದ್ದೂ ಹೇಳಲಿಲ್ಲ.”

ಒನೊದೆರಾ ಬಾಯಿಗೆ ಕೈ ಅಡ್ಡ ಹಿಡಿದರು. ಇಸೊಬೆಯವರ ಮುಖ ಕೆಂಪಾಯಿತು. ನಲವತ್ತು ವರ್ಷದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದವರಲ್ಲ.

“ಲೇ ತಾಯೆಕೊ! ಬೈಯೋದೆಲ್ಲ ಆಮೇಲೆ. ಕೊನೇದಾಗಿ ಎಲ್ಲಿ *ನೋಡಿದೆ* ಅವಳನ್ನ? ಅದನ್ನ ಹೇಳು.”

“ಅಡ್ಡಬಿದ್ದ ಮರ. ಅದರ ಹತ್ರಾನೇ ಅವಳ ಕೆಂಪು ಕಾಲುಚೀಲ ನೋಡಿದೀನಿ. ಬಗ್ಗಿ ದಾರ ಕಟ್ಟಿದೆ. ಎದ್ದಾಗ ಇರಲಿಲ್ಲ. ಬಲಗಡೆ ಕವಲಿದೆ.”

“ಖಂಡಿತವಾಗ್ಲೂ?”

“ಕಣ್ಣಿಗೆ ಏನೂ ಆಗಿಲ್ಲ.”

ಮೂವರೂ ಒಬ್ಬರ ಚೀಲ ಇನ್ನೊಬ್ಬರು ಹಿಡಿದುಕೊಂಡು ಇಳಿದೆವು. ಮರದ ಬಳಿ ಬಂದಾಗ ಇಸೊಬೆಯವರು ತಟ್ಟನೆ ನಿಂತು ಕೈಯೆತ್ತಿದರು. ಅವರಿಗೆ ಕೇಳಿಸುತ್ತಿತ್ತು. ಒನೊದೆರಾ ಅವರಿಗೂ ಕೇಳಿಸುತ್ತಿತ್ತು. ನಾನು ಅವರ ಮುಖಗಳನ್ನು ನೋಡಿ ತಿಳಿದುಕೊಂಡೆ.

ಬಲಗಡೆಯ ಕವಲಿನಲ್ಲಿ, ದಾರಿಯಿಂದ ಬರಿಯ ಮೂವತ್ತು ಹೆಜ್ಜೆಯಲ್ಲಿ, ಎದೆಯೆತ್ತರದ ಗಿಡ್ಡ ಬಿದಿರಿನ ನಡುವೆ ಶಿರಾತೊರಿ ಕುಳಿತಿದ್ದರು. ಕಾಲು ಉಳುಕಿತ್ತು. ತಲೆಯ ಮೇಲೆತ್ತಿದ ಕೈಯಲ್ಲಿ ಗಂಟೆಯನ್ನು ಅಲ್ಲಾಡಿಸುತ್ತಲೇ ಇದ್ದರು. ನಾವು ಬಂದುದನ್ನು ಕಂಡ ಮೇಲೂ ಆ ಕೈ ನಿಲ್ಲಲಿಲ್ಲ. ಒನೊದೆರಾ ಹಿಡಿದು ಇಳಿಸಬೇಕಾಯಿತು.

“ಮೆತ್ತಗೆ,” ಎಂದು ತುಟಿಯಾಡಿಸಿದರು ಶಿರಾತೊರಿ. “ಅಲ್ಲೇನೋ ಇದೆ. ಆಗಿನಿಂದ ಓಡಾಡ್ತಿದೆ.”

ಬಿದಿರಿನ ಆಚೆ ತುದಿ ಅಲ್ಲಾಡಿತು. ಗಾಳಿ ಇರಲಿಲ್ಲ. ಅದು ಏನೆಂದು ನಾವು ನೋಡಲಿಲ್ಲ. ಆದ್ದರಿಂದ ಕರಡಿ ಎಂದು ಬರೆಯುವುದಿಲ್ಲ. ಇಸೊಬೆ ಮತ್ತು ನಾನು ಅವರನ್ನು ಎರಡು ಕಡೆ ತೋಳು ಕೊಟ್ಟು ಎತ್ತಿ, ಅತ್ತ ಬೆನ್ನು ತೋರಿಸದೆ, ಹಿಮ್ಮುಖವಾಗಿ ಹೆಜ್ಜೆಯಿಡುತ್ತಾ ದಾರಿಗೆ ಬಂದೆವು. ಅಷ್ಟೂ ಹೊತ್ತು ಒನೊದೆರಾ ಅವರು ಏನೋ ಗಟ್ಟಿಯಾಗಿ ಹೇಳುತ್ತಿದ್ದರು. ಹದಿನೇಳರ ಮಗ್ಗಿ ಎಂದು ಆಮೇಲೆ ತಿಳಿಯಿತು.

ಬೆಟ್ಟದ ತುದಿ ಮುಟ್ಟಲಿಲ್ಲ. ಇಳಿಯುವಾಗ ಶಿರಾತೊರಿಯವರು ನನ್ನ ತೋಳಿನ ಮೇಲೆ ಭಾರ ಹಾಕಿ, ಮುಖವನ್ನು ನನ್ನ ಕಡೆ ತಿರುಗಿಸಿ ಹೇಳಿದರು:

“ಹೇಳಿಯೇ ಹೋಗಿದ್ದೆ ಟೀಚರ್. ಹೂ ಕೊಯ್ದು ಬರ್ತೀನಿ ಅಂದೆ. ನೀವು ಬಗ್ಗಿದ್ರಿ. ತಲೆ ಆಡಿಸಿದ್ರಿ.”

ಹೂ ಕೊಯ್ಯುವುದು ಎಂದರೆ ಬೆಟ್ಟದಲ್ಲಿ ಹೆಂಗಸರು ಮರೆಗೆ ಹೋಗುವುದು. ಎದುರಿಗೆ ಬಂದು ಹೇಳುವ ಮಾತಲ್ಲ ಅದು. ಬೆನ್ನಿಗೆ ಹೇಳಿ ಸರಿದುಹೋಗುವ ಮಾತು. ನಾನು ಬರೆದ ನಿಯಮದಲ್ಲಿ ಆ ನಾಚಿಕೆಗೆ ಜಾಗವಿರಲಿಲ್ಲ. ತಲೆಯಾಡಿಸಿದ್ದು ನನಗೆ ನೆನಪಿಲ್ಲ. ಆದರೆ ಆಡಿಸಿರುತ್ತೇನೆ.

“ಕ್ಷಮಿಸಿ,” ಎಂದೆ.

“ಮೇ ತಿಂಗಳಿಂದ ಅನುಮಾನ ಇತ್ತು,” ಎಂದರು ಅವರು. “ನಮ್ಮ ಮನೇಲಿ ಹಕ್ಕಿ ಕೂಗ್ತಿದ್ದಾಗ ನೀವು, ಎಷ್ಟು ನಿಶ್ಶಬ್ದ ಅಂದ್ರಿ. ನಾನೂ ಬಾಯಿ ಬಿಡಲಿಲ್ಲ. ಹೇಳಿದ್ರೆ ನಿಮಗೆ ಅವಮಾನ ಆಗುತ್ತೆ ಅಂದ್ಕೊಂಡೆ. ಅರ್ಧ ತಪ್ಪು ನಂದು.”

ಇಸೊಬೆಯವರು ಹಿಂದಿನಿಂದ ಮುಂದಕ್ಕೆ ಬಂದು ನನ್ನೆದುರು ನಿಂತರು. “ಹೋದ ವರ್ಷ ನಾನು ಊದಿದ್ದೆ ಕಣೇ.”

“ಊದಿದ್ದಿ. ವರದಿ ಸರಿಯಿತ್ತು.”

“ನದಿ?”

“ಅದು ತೊರೆ.”

ವಸತಿಗೃಹ ತಲುಪಿದ ಕೂಡಲೇ ವೈದ್ಯರಿಗೆ ದೂರವಾಣಿ ಮಾಡಿ, ಯಂತ್ರಕ್ಕೆ ಅಳತೆ ಕೊಡಲು ಗುರುವಾರ ಬರುವುದಾಗಿ ಹೇಳಿದೆ. ಆ ಕಡೆಯವರ ಉತ್ತರವನ್ನು ಒನೊದೆರಾ ಕೇಳಿಸಿಕೊಂಡು ಬರೆದುಕೊಟ್ಟರು.

ಬುಗ್ಗೆಯ ಸ್ನಾನಕ್ಕೆ ನಾನು ಬರುವುದಿಲ್ಲವೆಂದಿದ್ದೆ. ಉಗಿಯಲ್ಲಿ ಮುಖಗಳು ಕಾಣುವುದಿಲ್ಲ. ಕಿವಿಯೂ ಇಲ್ಲದೆ, ಕಣ್ಣೂ ಇಲ್ಲದೆ, ಬರಿಮೈಯಲ್ಲಿ ನೀರಿನೊಳಗೆ ಕೂರುವುದು ಕಾಡಿಗಿಂತ ಹೆಚ್ಚಿನ ಭಯ. ಅದನ್ನೂ ಹೇಳಿದೆ, ಇದ್ದುದನ್ನು ಇದ್ದಂತೆಯೇ ಹೇಳಿದೆ. “ಹಾಗಾದ್ರೆ ಹತ್ರ ಕೂತ್ಕೋತೀವಿ, ಎದ್ದೇಳು” ಎಂದು ಇಸೊಬೆ ನನ್ನ ಟವೆಲನ್ನು ತಾವೇ ಎತ್ತಿಕೊಂಡು ಹೊರಟರು.

ಹೊರಗಿನ ಕೊಳದಲ್ಲಿ ಬೇರೆ ಯಾರೂ ಇರಲಿಲ್ಲ. ಕಲ್ಲಿಗೆ ಬೆನ್ನು ಕೊಟ್ಟು ನಾನು ಕುಳಿತೆ. ಆಚೆಗೆ ಕಾಡು ಕಪ್ಪಾಗುತ್ತಿತ್ತು. ಅವರು ನನ್ನ ಮುಂದೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ಕಾಡಿಗೆ ಬೆನ್ನು ಹಾಕಿ ಕುಳಿತರು. ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಮಾತಾಡುವ ಮೊದಲು ನನ್ನ ಕೈ ಮುಟ್ಟಿದರು.

ಅಕ್ಟೋಬರ್ ೨೧, ಸಂಜೆ ಐದು ಗಂಟೆ, ಬಿಸಿನೀರಿನಲ್ಲಿ ಹಾಜರಿದ್ದವರು:

ಒನೊದೆರಾ ಫುಮಿ.
ಶಿರಾತೊರಿ ಕಿನುಎ, ಉಳುಕಿದ ಕಾಲು ಮಾತ್ರ ಹೊರಗೆ.
ಇಸೊಬೆ ಹರುಯೊ.
ಮಿನೆಗಿಶಿ ತಾಯೆಕೊ.